ನನಗಿಂತ ಮೊದಲೇ ಬಂದ ಬಳ್ಳಾರಿ ಜಾಲಿ

ಬಳ್ಳಾರಿ ಜಾಲಿ ಇರುವ ಕಡೆ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇರುತ್ತದೆ. ಮುಳ್ಳು ಚುಚ್ಚಿದವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ನಗಬಹುದು. ಈ ಗಿಡವನ್ನು ನಾನು ಸುಡಾನಿನಲ್ಲಿ ಕಂಡಿದ್ದೇನೆ, ಕೀನ್ಯಾದಲ್ಲಿ ಕಂಡಿದ್ದೇನೆ. ಅಲ್ಲೆಲ್ಲ ಬೇರೆಯವರ ಪಾಡು ಅಂತ ಫೋಟೊ ತೆಗೆದುಕೊಂಡು ಮುಂದೆ ಹೋದೆ. ಹಿರಿಯೂರಿಗೆ ವಾಪಸ್ಸು ಬಂದು ನೋಡಿದರೆ, ಮಾರಿಕಣಿವೆ ದಾರಿಯ ನಮ್ಮ ಎರಡೆಕರೆ ಹೊಲದಲ್ಲಿ ಅದು ಆಗಲೇ ಸಂಸಾರ ಹೂಡಿತ್ತು.

ಹೊಸದುರ್ಗದ ಅಕ್ಕ ಫೋನಿನಲ್ಲೇ ಷರತ್ತು ಹಾಕಿದಳು: “ಒಂದೂರಲ್ಲಿ ಒಂದು ವರ್ಷ ನಿಂತೋಳಲ್ಲ ನೀನು. ಮುಂಗಾರಿನೊಳಗೆ ಹೊಲ ಹಸನು ಮಾಡಿ ತೋರ್ಸು. ಇಲ್ಲಾಂದ್ರೆ ಪಕ್ಕದ ಹೊಲದ ಯಜಮಾನ್ರಿಗೆ ಗುತ್ತಿಗೆ ಕೊಟ್ಟುಬಿಡ್ತೀನಿ.”

ಯಜಮಾನರು ಆಗಲೇ ಎರಡು ಸಲ ಕೇಳಿದ್ದರಂತೆ. ನನಗೆ ಹೊಲ ಬೇಕಿತ್ತು. ಅಕ್ಕನ ಮುಂದೆ ಗೆಲ್ಲುವುದು ಅದಕ್ಕಿಂತ ಹೆಚ್ಚು ಬೇಕಿತ್ತು.

೧. ಚೌರ

ನಾಲ್ಕು ಆಳು ಹಚ್ಚಿ ಗಿಡಗಳನ್ನು ಬುಡಮಟ್ಟ ಕಡಿಸಿದೆ. ಹೊಲ ಬಯಲಾಯಿತು, ಅಕ್ಕನಿಗೆ ಫೋಟೊ ಕಳಿಸಿದೆ. ತಿಂಗಳು ತುಂಬುವುದರೊಳಗೆ ಒಂದೊಂದು ಬೊಡ್ಡೆಯಿಂದ ಹತ್ತು ಹತ್ತು ಕವಲು ಎದ್ದು ನಿಂತವು. ಆಳುಗಳ ಪೈಕಿ ಹಿರಿಯ ಹೆಂಗಸನ್ನು ಕರೆದು, “ಏನಮ್ಮ ಇದು?” ಅಂದೆ.

ಆಕೆ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ ಹೇಳಿದಳು: “ನೀವು ಮಾಡ್ಸಿದ್ದು ಚೌರ ಅಮ್ಮಾರೆ. ಕೂದ್ಲು ಬರದಂಗೆ ಇರ್ತೈತಾ?”

೨. ಪಂಕ್ಚರ್

ಸರಿ, ಬೇರುಸಮೇತ ಕೀಳಿಸಲು ಜೆಸಿಬಿ ತರಿಸಿದೆ. ಅದು ಹೊಲದಲ್ಲಿ ಅಗೆಯುತ್ತಿದ್ದಷ್ಟು ದಿನ ನನ್ನ ಸ್ಕೂಟರು ಪಂಕ್ಚರ್ ಅಂಗಡಿಯಲ್ಲೇ ಇತ್ತು. ಅಂಗಡಿಯವನು ಟ್ಯೂಬಿನಿಂದ ಐದನೆಯ ಮುಳ್ಳು ಕೀಳುತ್ತ, “ಹೊಲದಾಗೆ ಏನ್ ಮಾಡ್ತಿದೀರಿ ಮೇಡಂ?” ಅಂದ.

“ಜಾಲಿ ಪೂರ್ತಿ ತೆಗೆಸ್ತಿದೀನಿ.”

ಅವನ ಕೈ ನಿಂತಿತು. “ಪೂರಾ ಯಾಕ್ರಿ? ರಸ್ತೆ ಬದೀಗೆ ನಾಕು ಬಿಡ್ರಿ. ನಾವೂ ಮಕ್ಳೊಂದಿಗ್ರು.”

೩. ಬಂಗಾರದ ಗೊಬ್ಬರ

ಹೊಲ ಹಸನಾಯಿತು. ಗೊಬ್ಬರ ಏನು ಹಾಕಲಿ ಅಂದಾಗ ಅದೇ ಹಿರಿಯ ಹೆಂಗಸು, “ಕುರಿಮಂದೆ ನಿಲ್ಲಿಸ್ರಿ. ಹಿಕ್ಕೆ ಬಿದ್ದ ಹೊಲ ಬಂಗಾರ” ಅಂದಳು. ಬೇಸಿಗೆಯಲ್ಲಿ ಕುರಿಯವರನ್ನು ಕರೆಸಿ ಹೊಲದಲ್ಲಿ ಮಂದೆ ಕೂಡಿಸುವುದು ನಮ್ಮ ಕಡೆಯ ರೂಢಿ. ಮುನ್ನೂರು ಕುರಿ ನಾಲ್ಕು ದಿನ ಬೀಡುಬಿಟ್ಟವು.

“ಈ ಬಿಸಿಲಲ್ಲೂ ಎಷ್ಟು ಗುಂಡಗವೆ! ಏನು ಮೇಯಿಸ್ತೀಯಪ್ಪ?” ಅಂತ ಕುರಿಯವನನ್ನು ಕೇಳಿದೆ.

“ಇನ್ನೇನೈತ್ರಿ ಬ್ಯಾಸಿಗೇಲಿ? ಜಾಲಿಕಾಯಿ.”

ಅಂತೂ ಆ ದರಿದ್ರ ಗಿಡದಿಂದ ಯಾರಿಗೋ ಉಪಕಾರವಾಯಿತಲ್ಲ ಅಂತ ಖುಷಿಯಾಗಿ, ಅವನಿಗೆ ಇನ್ನೊಂದು ಲೋಟ ಟೀ ಕೊಟ್ಟೆ.

೪. ತಪಾಸಣೆ

ಎರಡು ಹದಮಳೆ ಬಿತ್ತು. ನಾನು ಬಿತ್ತನೆ ಬೀಜ ಹುಡುಕುತ್ತಿರುವಾಗಲೇ ಅಕ್ಕ ಬಂದಿಳಿದಳು, ಯಜಮಾನರನ್ನೂ ಜೊತೆಗೆ ಕರೆದುಕೊಂಡು. ಹೊಲಕ್ಕೆ ಹೋದೆವು. ಹೊಲ ಹಸಿರು ಹಾಸಿಕೊಂಡು ಕೂತಿತ್ತು.

“ಪರವಾಗಿಲ್ವೇ!” ಅಂದಳು ಅಕ್ಕ ಬದುವಿನ ಮೇಲಿಂದ. “ಏನೇ ಹಾಕಿದೀಯ, ಹುಣಸೇನಾ?”

ನಾನು ಏನೂ ಹಾಕಿರಲಿಲ್ಲ. ಹಿಂದೆಯೇ ಬಂದಿದ್ದ ಹಿರಿಯ ಹೆಂಗಸು ಬಗ್ಗಿ ಒಂದು ಸಸಿ ಕಿತ್ತು ನೋಡಿದಳು. “ಹುಣಸೆ ಅಲ್ರಿ, ಜಾಲಿ. ಕುರಿ ತಿಂದ್ರೂ ಬೀಜ ಸಾಯಲ್ಲ. ಹಿಕ್ಕೆ ಜೊತೆ ಬಿದ್ದು ಇನ್ನಾ ಜೋರಾಗಿ ಹುಟ್ತೈತೆ.”

“ಅವತ್ತೇ ಹೇಳೋಕೆ ಏನಾಗಿತ್ತಮ್ಮ?” ಅಂದೆ.

“ನೀವು ಕೇಳಿದ್ದು ಗೊಬ್ಬರದ ವಿಚಾರ. ಜಾಲಿ ವಿಚಾರ ಕೇಳ್ಲಿಲ್ವಲ್ರಿ.”

ಗೆದ್ದ ಮುಖದಲ್ಲಿ ಅಕ್ಕ ಯಜಮಾನರ ಕಡೆ ತಿರುಗಿದಳು. “ನೋಡಿದ್ರಲ್ಲ, ಇವಳ ಕೈಲಾಗಲ್ಲ. ಇವತ್ತೇ ಗುತ್ತಿಗೆ ಪತ್ರ ಮಾಡ್ಕಂಬಿಡಾಣ.”

ಯಜಮಾನರು ಹೊಲವನ್ನು ಈ ಬದುವಿನಿಂದ ಆ ಬದುವಿನ ತನಕ ನೋಡಿದರು. ಪಂಚೆ ಎತ್ತಿ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಆಮೇಲೆ ಬಹಳ ಭಕ್ತಿಯಿಂದ ಕೈ ಮುಗಿದರು.

“ಬ್ಯಾಡ್ರಿ ಅಕ್ಕಾರೆ. ಹೆಣ್ಮಕ್ಳು ಆಸೆಪಟ್ಟ ಭೂಮಿಗೆ ಕೈ ಹಾಕಿದ್ರೆ ನಮಗೆ ಒಳ್ಳೇದಾಗಲ್ಲ.”