ಸಹಿ ಇಲ್ಲದ ಬಾಣ

ನಮ್ಮ ದೊಡ್ಡಪ್ಪ ರಸ್ತೆ ಬದಿಯ ಯಾವ ಬೋರ್ಡನ್ನೂ ನಂಬುವವರಲ್ಲ! ‘ಮದ್ದೂರು’ ಎಂದು ಬರೆದು ಬಾಣ ಹಾಕಿದ್ದರೂ ಸ್ಕೂಟರ್ ನಿಲ್ಲಿಸಿ ಮೂರು ಜನರನ್ನು ವಿಚಾರಿಸುತ್ತಾರೆ. ಹುಟ್ಟಿ ಬೆಳೆದದ್ದು ಎಲ್ಲಿ ಅಂತೀರಿ? ಮದ್ದೂರಿನಲ್ಲೇ! ಹಲಗೂರಿಗೆ ಮದುವೆಗೆ ಹೊರಟರೆ, ಇವರು ವಿಚಾರಿಸಿ ಮುಗಿಸುವಷ್ಟರಲ್ಲಿ ಅಲ್ಲಿ ಊಟದ ಎಲೆ ಎತ್ತಿರುತ್ತಾರೆ.

ನಮ್ಮಪ್ಪ ತೀರಿಹೋದಾಗಿನಿಂದ ಹೀಗೆ. ರಸ್ತೆ ಅಗೆದಿದ್ದ ಕಡೆ ಬೋರ್ಡಿನ ಬಾಣ ನಂಬಿ ಅಪ್ಪ ಬೈಕ್ ತಿರುಗಿಸಿದ್ದು ಮೋರಿಗೆ ತೋಡಿದ್ದ ಗುಂಡಿಗೆ. ಬಾಣ ತಪ್ಪು ದಿಕ್ಕಿಗೆ ನಿಂತಿತ್ತು. ಗಾಳಿಗೆ ತಿರುಗಿರಬೇಕು ಎಂದರು ಊರವರು. ನಮ್ಮನೆಯಲ್ಲಿ ಯಾರೂ ಮತ್ತೆ ಆ ಮಾತೆತ್ತಲಿಲ್ಲ.

ದೊಡ್ಡಪ್ಪ ಎಲೆಕ್ಟ್ರಿಷಿಯನ್. ಹೋದ ವರ್ಷ ರಸ್ತೆಯ ಕಂಬಗಳಿಗೆ ಹೊಸ ಪೆಟ್ಟಿಗೆ ಕೂರಿಸುವ ಕೆಲಸ ಸಿಕ್ಕಿತು. ‘ಮುಂದೆ ರಸ್ತೆ ಅಗೆದಿದೆ’ ಎಂದು ಪೆಟ್ಟಿಗೆಯೇ ತಂತಿಯಿಲ್ಲದೆ ಕಾರಿಗೆ ಹೇಳುತ್ತದಂತೆ! ದೊಡ್ಡಪ್ಪ ಬಿಟ್ಟಾರೆಯೇ? ಕೆಲಸ ನೋಡಿಕೊಳ್ಳಲು ಬಂದಿದ್ದ ಇಂಜಿನಿಯರಮ್ಮನನ್ನು ಹಿಡಿದುಕೊಂಡರು.

“ಮೇಡಮ್ಮಾ, ಯಾವನೋ ಕಳ್ಳ ಪೆಟ್ಗೆ ಮಡಿಕ್ಕಂಡು ಸುಳ್ಳೇಳಿದ್ರೆ?”

“ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತೆ. ಸಹಿ ತಾಳೆಯಾಗದಿದ್ರೆ ಕಾರು ನಂಬಲ್ಲ.”

“ದಿಟವಾದ್ ಮಾತ್ನೇ ದಾರೀಲಿ ಯಾರಾದ್ರೂ ತಿರುಗಿಸ್ಬುಟ್ರೆ?”

“ಒಂದಕ್ಷರ ಬದಲಾದ್ರೂ ತಾಳೆಯಾಗಲ್ಲ.”

ಅಂದಿನಿಂದ ಮನೆಯಲ್ಲೂ ಅದೇ ಕಾನೂನು! ‘ಊಟಕ್ಕೆ ಬರಬೇಕಂತೆ’ ಎಂದು ದೊಡ್ಡಮ್ಮ ಪಕ್ಕದ ಮನೆಯಾಕೆಯ ಕೈಲಿ ಹೇಳಿಸಿದರೆ, “ಅವ್ಳೇ ಯೋಳಿದ್ದು ಅನ್ನಕ್ಕೆ ಏನ್ ಗುರ್ತು?” ಎಂದು ಜಗಲಿಯಲ್ಲೇ ಕೂತರು. ದೊಡ್ಡಮ್ಮ ಮುದ್ದೆ ತಿರುವುವ ಕೋಲು ಹಿಡಿದೇ ಹೊರಬಂದರು. “ಇಗಾ, ನನ್ ಸಯಿ!”

ಪೆಟ್ಟಿಗೆಗಳನ್ನು ಪರೀಕ್ಷಿಸುವ ದಿನ ದೊಡ್ಡಪ್ಪ ನನ್ನನ್ನೂ ಕರೆದೊಯ್ದು ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು. ಇಂಜಿನಿಯರಮ್ಮ ಬೇಕೆಂದೇ ಪೆಟ್ಟಿಗೆಯ ಸಂದೇಶವನ್ನು ನಡುವೆ ತಿದ್ದಿ, ‘ಬಲಕ್ಕೆ ತಿರುಗಿ’ ಎಂದಿದ್ದನ್ನು ‘ಎಡಕ್ಕೆ’ ಮಾಡಿ ಕಳಿಸಿದರು. ಕಾರಿನ ಪರದೆಯ ಮೇಲೆ ಬಂತು: ‘ಸಹಿ ತಾಳೆಯಾಗಿಲ್ಲ. ನಂಬಬೇಡಿ.’

ದೊಡ್ಡಪ್ಪ ಚಪ್ಪಾಳೆ ತಟ್ಟುತ್ತಾರೆ ಅಂದುಕೊಂಡೆ. ಅವರು ಅಳತೊಡಗಿದರು.

“ಅವತ್ತು ಕಬ್ಬಿನ ಟ್ರ್ಯಾಕ್ಟ್ರು ತಿರ್ಗಕ್ಕೆ ಜಾಗ ಸಾಲ್ದು ಅಂತ ಬೋರ್ಡ್ನ ಎತ್ತಿ ಪಕ್ಕಕ್ಕಿಟ್ಟೋನು ನಾನೇ ಕಣವ್ವ. ಎಲ್ರೂ ಎತ್ತಿಡ್ತಾರಲ್ಲ, ಹಂಗೇ. ವಾಪಸ್ ಮಡಗುವಾಗ ಬಾಣ ಎತ್ತಗದೆ ಅಂತ ನೋಡ್ನಿಲ್ಲ. ನಿಮ್ಮಪ್ಪ ಅದ್ನೇ ನಂಬ್ಬುಟ್ಟ.”

“ಗೊತ್ತು ದೊಡ್ಡಪ್ಪ. ಟ್ರ್ಯಾಕ್ಟ್ರಿನೋರು ಅವತ್ತೇ ಯೋಳಿದ್ರು. ಅವ್ವಂಗೂ ಗೊತ್ತು.”

ಅವರು ನನ್ನ ಮುಖವನ್ನೇ ನೋಡಿದರು. “ನಿಮ್ಮವ್ವ ಗೊತ್ತಿದ್ದೂ ಇಷ್ಟ್ ವರ್ಸ ನಂಗೆ ಊಟಕ್ಕಿಕ್ಕುದ್ಲಾ?”

ನೊಂದುಕೊಳ್ಳುತ್ತಾರೆಂದು ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು. ಅವರು ಒಬ್ಬರೇ ಬೆಂದು ಹೋಗಿದ್ದರು. ನಾನು ದೊಡ್ಡಪ್ಪನ ಕೈ ಹಿಡಿದು, “ತಪ್ಪಾಯ್ತು” ಎಂದೆ.