ಆಕಾಶದ ಸ್ನಾನದಂಗಡಿಯೂ ಮಹೇಶನ ಬಾಯ್ಲರೂ

ಟೀ ಕುಡಿದವರು ತೂರಾಡುವುದು ಯಾವ ಶಾಸ್ತ್ರದಲ್ಲಿದೆ?

ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಸವೆಸಿದ ಮಹೇಶನಿಗೆ ಇಂಥ ಪ್ರಶ್ನೆಯನ್ನು ಅಲ್ಲಿನ ಯಾವ ದೊರೆಯೂ ಹಾಕಿರಲಿಲ್ಲ. ಹಾಕಿದವರು ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ಅವನ ತಾಯಿ ಸೀತಾಲಕ್ಷ್ಮಮ್ಮ. ಎರಡು ಸಾವಿರದ ಒಂದನೇ ಇಸವಿಯ ನವೆಂಬರಿನಲ್ಲಿ, ಸಂಜೆ ಐದೂಕಾಲರ ಹೊತ್ತಿಗೆ, ಶಾಲು ಹೊದ್ದು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಟಿವಿಯ ಕಡೆ ಬೆರಳು ತೋರಿಸಿ ಕೇಳಿದ್ದರು.

ಟಿವಿಯಲ್ಲಿದ್ದದ್ದು ಜಪಾನಿನ ಕಾರ್ಟೂನು, ಇಂಗ್ಲಿಷಿನಲ್ಲಿ. ಒಂಬತ್ತು ವರ್ಷದ ಮೊಮ್ಮಗಳು ನಿಹಾರಿಕಾ ಅದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಕಥೆ ಇಷ್ಟೇ: ಯಾವುದೋ ಊರಿನ ಬಿಸಿನೀರಿನ ಸ್ನಾನದಂಗಡಿಯ ಛಾವಣಿಯ ಮೇಲೆ ಒಂದು ಆಕಾಶನೌಕೆ ಬೀಳುತ್ತದೆ. ಅದರಿಂದಿಳಿದ ರಾಜಕುಮಾರಿ, ಅವಳನ್ನು ಹಿಡಿಯಲು ಬಂದ ಕಡಲುಗಳ್ಳಿ (ಆಕಾಶದಲ್ಲಿ ಕಡಲೆಲ್ಲಿ ಬಂತು ಎಂದು ಮಹೇಶನೂ ಕೇಳಿದ್ದ, ಉತ್ತರ ಸಿಕ್ಕಿರಲಿಲ್ಲ), ಮೂಲಂಗಿಯಂಥ ಒಂದು ರೋಬೋಟು, ಇವರ್ಯಾರೂ ವಾಪಸು ಹೋಗುವುದಿಲ್ಲ. ದಿನಾ ಮೀಯುತ್ತಾರೆ, ಜಗಳವಾಡುತ್ತಾರೆ, ಟೀ ಕುಡಿಯುತ್ತಾರೆ.

ಸೀತಾಲಕ್ಷ್ಮಮ್ಮನವರಿಗೆ ಈ ಜನ ಬಹಳ ಹಿಡಿಸಿದ್ದರು.

"ನೋಡು, ತೊಟ್ಟಿಗಿಳಿಯೋವಾಗ್ಲೂ ಎಲ್ರೂ ನೀಲಿ ಬಟ್ಟೆ ತೊಟ್ಟೇ ಇಳೀತಾರೆ. ಮಾನವಂತರು. ನಾವೂ ಕಾವೇರೀಲಿ ಸೀರೆ ಉಟ್ಟೇ ಮುಳುಗೋದು" ಎಂದು ಮೆಚ್ಚುತ್ತಿದ್ದರು. ಆ ನೀಲಿ ಬಟ್ಟೆ ಒಮ್ಮೊಮ್ಮೆ ಮೈಗಿಂತ ಒಂದಂಗುಲ ಹಿಂದೆ ಬರುತ್ತಿದ್ದದ್ದನ್ನು ಅವರು ಜಪಾನಿನ ನೇಯ್ಗೆಯ ವಿಶೇಷ ಎಂದುಕೊಂಡಿದ್ದರು. ಕಡಲುಗಳ್ಳಿಯ ತುಟಿಯಲ್ಲಿ ಸದಾ ಒಂದು ಕಡ್ಡಿಮಿಠಾಯಿ, ಅದರ ತುದಿಯಿಂದ ಸಣ್ಣ ಹೊಗೆ. ಬಿಸಿ ಮಿಠಾಯಿ ಇರಬೇಕು ಎಂದು ಅದನ್ನೂ ಒಪ್ಪಿಕೊಂಡಿದ್ದರು. ಆದರೆ ಈ ಟೀ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಜಪಾನಿನ ಟೀ ಸ್ಟ್ರಾಂಗು ಅಮ್ಮ" ಎಂದ ಮಹೇಶ.

"ಸ್ಟ್ರಾಂಗ್ ಟೀ ಕುಡಿದ್ರೆ ನಿದ್ದೆ ಹಾರತ್ತೆ ಕಣೋ. ಇವಳು ಬೋರಲು ಬಿದ್ದು ಗೊರಕೆ ಹೊಡೀತಿದಾಳೆ!"

"ನಾನು ಸ್ವಲ್ಪ ಬಾಯ್ಲರ್ ಪ್ರೆಶರ್ ನೋಡ್ಬರ್ತೀನಿ" ಎಂದು ಮಹೇಶ ಗ್ಯಾರೇಜಿಗೆ ಜಾರಿದ.

ಬಾಯ್ಲರ್ ಗ್ಯಾರೇಜಿನಲ್ಲೇ ಇತ್ತು, ಅದು ನಿಜ. ಪಕ್ಕದಲ್ಲಿ ಒಂದು ಜೊತೆ ಹಸಿರು ಗಂಬೂಟು, ಅದೂ ನಿಜ. ಎಡಗಾಲಿನ ಗಂಬೂಟಿನೊಳಗೆ ಒಂದು ವಿಸ್ಕಿ ಬಾಟಲಿ ನಿಂತಿತ್ತು. ಇದನ್ನು ಮಹೇಶ ಯಾರಿಗೂ ಹೇಳಿರಲಿಲ್ಲ, ಆದ್ದರಿಂದ ನೀವೂ ಹೇಳಬೇಡಿ. ಅಮ್ಮ ಬಂದಿಳಿದ ವಾರವೇ ಅವನ ಸ್ಕಾಟಿಷ್ ಬಾಸು, ಪ್ರಾಜೆಕ್ಟ್ ಮುಗಿದ ಖುಷಿಗೆ, ತನ್ನ ಊರಿನ ಹೊಗೆ ವಾಸನೆಯ ವಿಸ್ಕಿ ಎಂದು ಕೈಗಿಟ್ಟಿದ್ದ. ಪಾರ್ಟಿಗಳಲ್ಲಿ ಅರ್ಧ ಗ್ಲಾಸು ಬಿಯರ್ ಮುಟ್ಟಿ ಮೂರು ದಿನ ಪಶ್ಚಾತ್ತಾಪ ಪಡುವ ಆಸಾಮಿ ಮಹೇಶ. ಗ್ಯಾರೇಜಿಗೆ ಒಯ್ದು ಮುಚ್ಚಳ ತಿರುಗಿಸಿ ಮೂಸಿದ್ದೇ ತಡ, ಒಳಗಿಂದ "ಮಹೇಶಾ, ಎಲ್ಲಿದೀಯೋ?" ಎಂಬ ಕೂಗು. ಬಾಟಲಿ ಗಂಬೂಟಿನ ಪಾಲಾಯಿತು.

ಜಾಗದ ಆಯ್ಕೆಯ ಹಿಂದೆ ಇಂಜಿನಿಯರಿಂಗ್ ತಲೆ ಇತ್ತು. ಅಮ್ಮನ ಮಡಿಸೀರೆ ಒಣಗುವ ಹಗ್ಗವೂ ಅದೇ ಗ್ಯಾರೇಜಿನಲ್ಲಿ. ಮಡಿಸೀರೆಯ ಹತ್ತಿರ ಹೆಂಡತಿ ಹೇಮಲತಾ ಸುಳಿಯುವಂತಿಲ್ಲ, ಮಗಳು ಸುಳಿಯುವಂತಿಲ್ಲ. ಅಮ್ಮನೋ, ಪಾದರಕ್ಷೆಯನ್ನು ಬೆರಳ ತುದಿಯಿಂದಲೂ ಮುಟ್ಟುವವರಲ್ಲ. ಇದಕ್ಕಿಂತ ಭದ್ರವಾದ ಲಾಕರು ಯಾವ ಬ್ಯಾಂಕಿನಲ್ಲೂ ಸಿಗದು ಎಂದು ಅವನು ಬೀಗಿದ್ದ.

ಮಾರನೆಯ ದಿನದಿಂದ ದಿನಾ ಸಂಜೆ ಎರಡು ಮುಚ್ಚಳ. ಮೂಗು ಹಿಡಿದು, ಗಟಗಟ. ಹೊಗೆ, ಒಗರು, ಕೊನೆಗೆ ಗಂಟಲಲ್ಲಿ ಸಣ್ಣ ಖಾರ. ಐದು ನಿಮಿಷಕ್ಕೆ ಕಿವಿ ಬಿಸಿಯಾಗಿ, ನೆಲ ಹಗುರಾಗಿ, ಬಾಯ್ಲರ್ ಕೂಡ ಆಪ್ತಮಿತ್ರನಂತೆ ಕಾಣುತ್ತಿತ್ತು. ಬಾಸಿನೆದುರು "ಕೊನೇಲಿ ಶುಂಠಿಯ ಛಾಯೆ ಬರುತ್ತಲ್ಲ?" ಎಂದಾಗ ಅವನು ಬೆರಗಾಗಿ, ಐವತ್ತು ವರ್ಷದಲ್ಲಿ ತನಗದು ಸಿಕ್ಕೇ ಇಲ್ಲ, ನಿನ್ನ ನಾಲಿಗೆ ಅಪರೂಪದ್ದು ಎಂದು ಕೈ ಕುಲುಕಿದ್ದ. ಮಹೇಶ ಅಂದು ಗಾಳಿಯಲ್ಲಿ ತೇಲುತ್ತ ಮನೆಗೆ ಬಂದಿದ್ದ.

ಆದರೆ ಈಗ ಗ್ರಹಚಾರ ಹತ್ತಿರ ಬಂದಿತ್ತು. ಶನಿವಾರ ಅಪ್ಪನ ತಿಥಿ. ಲೆಸ್ಟರಿನಿಂದ ಪುರೋಹಿತರು ಬರುವವರಿದ್ದರು. ಸೋಮವಾರವೇ ಅಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: "ಕೂರೋನು ಶುದ್ಧವಾಗಿರ್ಬೇಕು ಕಂದ. ತಿಂಗಳೊಪ್ಪತ್ತಿಂದ ಬಾಯಿಗೆ ಬರಬಾರದ್ದು ಬಂದಿದ್ರೆ ಪಿಂಡ ನಿಮ್ಮಪ್ಪನಿಗೆ ಮುಟ್ಟಲ್ಲ. ಪಾಪ, ಅವರು ಅಲ್ಲಿ ಉಪವಾಸ." ಅಪ್ಪ ಎಂದರೆ ಮಹೇಶನಿಗೆ ದೇವರು. ಕಾಫಿಯನ್ನೂ ಅಳೆದು ಕುಡಿಯುತ್ತಿದ್ದ ಮನುಷ್ಯ. ಹೇಳಿದರೆ ಅಮ್ಮನ ಎದೆ ಒಡೆಯುತ್ತದೆ, ಹೇಳದಿದ್ದರೆ ಅಪ್ಪ ಉಪವಾಸ. ಈ ಧರ್ಮಸಂಕಟವನ್ನು ತಡೆಯಲಾರದೆ ಅವನು ಸೋಮವಾರದಿಂದ ಮೂರು ಮುಚ್ಚಳ ಕುಡಿಯತೊಡಗಿದ್ದ.

ಗುರುವಾರ ಸಂಜೆ ಗ್ಯಾರೇಜಿನಿಂದ ಗೋಡೆ ಹಿಡಿದುಕೊಂಡು ಬಂದಾಗ ಟಿವಿಯಲ್ಲಿ ಅದೇ ಸ್ನಾನದಂಗಡಿ. ಆದರೆ ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಕಡಲುಗಳ್ಳಿಯ ತುಟಿಯಲ್ಲಿ ಸಿಗರೇಟು. ನೀಲಿ ಬಟ್ಟೆಗಳ ಸುಳಿವೇ ಇಲ್ಲ. ಮಹೇಶ ಕಣ್ಣುಜ್ಜಿಕೊಂಡ. ತನಗೆ ಏರಿದೆಯೋ, ಟಿವಿಗೆ ಏರಿದೆಯೋ ತಿಳಿಯಲಿಲ್ಲ.

"ಫ್ರೆಂಡ್ ಅಣ್ಣನ ಟೇಪು" ಎಂದಳು ನಿಹಾರಿಕಾ, ನೋಟ್‌ಬುಕ್ಕು ಎತ್ತಿ ತೋರಿಸುತ್ತ. "ದಿಸ್ ಈಸ್ ದ ರಿಯಲ್ ಒನ್, ಡ್ಯಾಡಿ. ನಮ್ಮ ಟಿವಿಯವರು ಎಲ್ಲಾ ಚೇಂಜ್ ಮಾಡ್ಬಿಟ್ಟಿದಾರೆ! ಬಟ್ಟೆ ಪೇಂಟ್ ಮಾಡಿದಾರೆ. ಲಾಲಿಪಾಪ್ ಅಂದ್ರೆ ಸಿಗರೇಟ್. ಟೀ ಅಂದ್ರೆ ಲಿಕರ್. ಹಾಲಿಡೇಗೆ ಹೋದ್ರು ಅಂದ್ರೆ... ಡೆಡ್."

"ರಾಮ ರಾಮ!" ಎಂದು ಸೀತಾಲಕ್ಷ್ಮಮ್ಮ ಶಾಲನ್ನು ಕಣ್ಣಿಗೆ ಎಳೆದುಕೊಂಡರು. (ಶಾಲಿನಲ್ಲಿ ತೂತುಗಳಿದ್ದವು.)

"ಮಕ್ಕಳು ನೋಡ್ತಾರಲ್ಲ ಪುಟ್ಟಿ, ಅದಕ್ಕೇ ತಿದ್ದಿರ್ತಾರೆ" ಎಂದ ಮಹೇಶ, ನಾಲಿಗೆ ತೊದಲದಂತೆ ಒಂದೊಂದೇ ಅಕ್ಷರ ಜೋಡಿಸುತ್ತ.

"ಹಾಗಾದ್ರೆ ನಮ್ಮ ಗೋಲ್ಡ್‌ಫಿಷ್ ಬ್ಲ್ಯಾಕ್‌ಪೂಲಿಗೆ ಹಾಲಿಡೇ ಹೋಯ್ತು ಅಂದ್ರಲ್ಲ?"

ಹೇಮಲತಾ ಕಿಟಕಿ ಕಡೆ ನೋಡಿದಳು. ನಿಹಾರಿಕಾ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು, ಇನ್ನೊಂದು ಪ್ರಶ್ನೆ ಎತ್ತಿದಳು.

"ಅಂಡ್ ಡ್ಯಾಡಿ, ಬಾಯ್ಲರ್ ಪ್ರೆಶರ್ ಅಂದ್ರೆ ಏನು? ಕಾರ್ಟೂನ್ ಆಂಟಿ ಟೀ ಕುಡಿದ ಮೇಲೆ ನಿಮ್ಮ ಥರಾನೇ ನಡೀತಾರೆ."

ಮಹೇಶನ ಎದೆಯೊಳಗೆ ಐದು ವಾರದಿಂದ ಕಟ್ಟಿಟ್ಟಿದ್ದ ಅಣೆಕಟ್ಟು ಒಡೆಯಿತು. ತಾಯಿಯ ಕಾಲ ಹತ್ತಿರ ಕುಸಿದು ಕೂತು, "ಅಮ್ಮಾ, ತಪ್ಪಾಯ್ತಮ್ಮ! ನಾನು ತಿಥಿಗೆ ಕೂರೋಕೆ ಲಾಯಕ್ಕಿಲ್ಲ. ಗಂಬೂಟಲ್ಲಿ ವಿಸ್ಕಿ ಇಟ್ಟಿದೀನಿ. ದಿನಾ ಕುಡಿದಿದೀನಿ. ಈಗ್ಲೂ ಕುಡಿದೇ ಬಂದಿದೀನಿ. ಅಪ್ಪ ಉಪವಾಸ ಬಿದ್ರು!" ಎಂದು ಬಿಕ್ಕಳಿಸಿದ.

ಸೀತಾಲಕ್ಷ್ಮಮ್ಮ ಶಾಲು ಸರಿಸಿದರು. ಮುಖದಲ್ಲಿ ಸಿಟ್ಟೂ ಇಲ್ಲ, ದುಃಖವೂ ಇಲ್ಲ.

"ಏಳೋ, ಸಾಕು. ನೀನೇ ಕೂರ್ತೀಯ ತಿಥಿಗೆ. ನಿನ್ನಷ್ಟು ಶುದ್ಧವಾಗಿರೋನು ಈ ಡರ್ಬೀಲೇ ಇಲ್ಲ. ನೀನು ಕುಡಿದಿದ್ದು ಟೀ."

"ಟೀ ಅಂದ್ರೆ... ಟಿವಿಯವರ ಟೀನೋ, ಟೇಪಿನವರದ್ದೋ?" ಮಹೇಶನಿಗೆ ಯಾವ ದೇಶದ ಟೀ ಎಂದೇ ಗೊತ್ತಾಗಲಿಲ್ಲ.

"ನಮ್ಮನೇದು ಕಣೋ! ಕರೀ ಟೀ ಡಿಕಾಕ್ಷನ್ನು. ನಿಂಗೆ ಕೆಮ್ಮಿತ್ತಲ್ಲ, ಅದಕ್ಕೆ ಒಂಚೂರು ಒಣಶುಂಠಿ. ನೀನು ಬಚ್ಚಿಟ್ಟ ಮಾರನೇ ಬೆಳಿಗ್ಗೇನೇ ಬದಲಾಯಿಸಿದೆ. ಹೇಮಾನೇ ಕುದಿಸಿಕೊಡ್ತಾಳೆ."

"ಹೊಗೆ ವಾಸನೆ ಬರತ್ತೆ ಅಂತ ಬಾಟಲಿ ಮೇಲೆ ಬರೆದಿತ್ತಲ್ಲಾರೀ" ಎಂದಳು ಹೇಮಲತಾ ಮೆಲ್ಲಗೆ, "ಅದಕ್ಕೇ ಸ್ವಲ್ಪ ಸೀಯಿಸ್ತಿದ್ದೆ."

"ಆದರೆ ಅಮ್ಮ, ನೀವು ಚಪ್ಪಲಿ, ಬೂಟು ಮುಟ್ಟಲ್ಲ!"

"ಚರ್ಮದ್ದು ಮುಟ್ಟಲ್ಲ. ಗಂಬೂಟು ರಬ್ಬರು. ರಬ್ಬರಿಗೆ ಏನೋ ಮೈಲಿಗೆ?"

ಹನ್ನೊಂದು ವರ್ಷದ ಇಂಜಿನಿಯರಿಂಗು ಒಂದು ರಬ್ಬರಿಗೆ ಸೋತಿತ್ತು. ವಿಸ್ಕಿ ಏನಾಯಿತು ಎಂದು ಕೇಳುವ ಧೈರ್ಯವೂ ಅವನಿಗೆ ಬರಲಿಲ್ಲ. ಅಮ್ಮನೇ ಮಂಡಿ ಸವರಿಕೊಂಡು ಹೇಳಿದರು: "ದಿನಾ ಸ್ನಾನಕ್ಕೆ ಮುಂಚೆ ತಿಕ್ಕಿಕೊಂಡೆ. ಬಾಯಿಗೇನೂ ಹೋಗ್ಲಿಲ್ಲ. ನೋಡು, ಮೆಟ್ಟಿಲು ಹೇಗೆ ಹತ್ತುತೀನಿ!" ಅಮ್ಮನ ಮಂಡಿನೋವು ವಾಸಿಯಾದದ್ದನ್ನು ಡರ್ಬಿಯ ಹವೆಯ ಮಹಿಮೆ ಎಂದು ಮಹೇಶ ಮೈಸೂರಿಗೆಲ್ಲ ಫೋನ್ ಮಾಡಿ ಹೇಳಿದ್ದ.

"ಹಾಗಾದ್ರೆ ನಂಗೆ ತಲೆ ತಿರುಗ್ತಿದ್ದದ್ದು? ತೂರಾಡ್ತಿದ್ದದ್ದು?"

"ಅದು ವಂಶದ್ದು. ನಿಮ್ಮಪ್ಪಾನೂ ಹಾಗೇ. ಪುಸ್ತಕದ ಬೀರೂಲಿ, ನಿಘಂಟಿನ ಹಿಂದೆ ಬಾಟಲಿ. ಹದಿನೆಂಟು ವರ್ಷ ನನ್ನ ಟೀ ಕುಡಿದು ಹಾಡು ಹೇಳಿದ್ರು, ಪಾಪ. ಕೊನೇವರೆಗೂ ಗೊತ್ತಾಗ್ಲಿಲ್ಲ." ಸೀತಾಲಕ್ಷ್ಮಮ್ಮನವರ ದನಿ ಒಂದು ಕ್ಷಣ ತೇವವಾಯಿತು. "ನಿಂಗೂ ಹೇಳ್ತಿರ್ಲಿಲ್ಲ. ನೀನು ಅತ್ತುಬಿಟ್ಟೆಯಲ್ಲ, ತಡೆಯೋಕಾಗ್ಲಿಲ್ಲ."

ತನ್ನ ಅಪ್ಪನನ್ನೂ ತಾನು ತಿದ್ದಿದ ಪ್ರತಿಯಲ್ಲೇ ನೋಡಿದ್ದೆ ಎಂಬುದು ಮಹೇಶನಿಗೆ ಅರ್ಥವಾಗಲು ಶನಿವಾರದವರೆಗೆ ಬೇಕಾಯಿತು. ಅಂದು ತಿಥಿಗೆ ಕೂತ. ಅಪ್ಪನಿಗೆ ಪ್ರೀತಿಯಾದದ್ದು ಏನಾದರೂ ಬಡಿಸುವುದಿದೆಯೇ ಎಂದು ಪುರೋಹಿತರು ಕೇಳಿದಾಗ, ಅಮ್ಮ ಒಳಗಿಂದ ಒಂದು ಬೆಳ್ಳಿ ಲೋಟದಲ್ಲಿ ಕರೀ ಟೀ ತಂದು ಎಲೆಯ ಪಕ್ಕ ಇಟ್ಟರು. ಮಹೇಶನ ಕಣ್ಣು ತುಂಬಿತು.

ಎಲ್ಲ ಮುಗಿದು ಪುರೋಹಿತರ ಕಾರು ಹೊರಟ ಮೇಲೆ ಅಮ್ಮ ಅದೇ ಟೀಯನ್ನು ಸ್ಟೀಲ್ ಲೋಟದಲ್ಲಿ ಮಗನಿಗೆ ಕೊಟ್ಟರು. "ಗ್ಯಾರೇಜು ಬೇಡ. ಇಲ್ಲೇ, ಎಲ್ಲರ ಮುಂದೆ ಕುಡಿ."

ನಡುಮನೆಯಲ್ಲಿ ನಿಂತೇ ಕುಡಿದ. ಮೂವರೂ ನೋಡುತ್ತಿದ್ದರು. ಟೀ ಎಂದು ಗೊತ್ತಿತ್ತು, ಶುಂಠಿ ಎಂದೂ ಗೊತ್ತಿತ್ತು. ಐದು ನಿಮಿಷ ಕಳೆಯಿತು. ಕಿವಿ ಬಿಸಿಯಾಯಿತು, ನೆಲ ಹಗುರಾಯಿತು, ಮಹೇಶ ಮೆಲ್ಲಗೆ ಸೋಫಾದ ಬೆನ್ನು ಹಿಡಿದುಕೊಂಡ. ನಿಹಾರಿಕಾ ನೋಟ್‌ಬುಕ್ಕು ತೆಗೆದು, ಟೀ ಅಂದರೆ ಲಿಕರ್ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿದಳು.