ಮಾಲತೇಶನ ಗಾಳಿಕುಂಚ

"ಇನ್ನ ಮ್ಯಾಲೆ ಹಾನಗಲ್ಲಿಗೆ ಬಂದವರು ಎರಡು ನೋಡಬೇಕು. ಮೊದಲು ತಾರಕೇಶ್ವರ ಗುಡಿ, ಆಮ್ಯಾಲೆ ನನ್ನ ಪೇಂಟಿಂಗ್!"

ಒಂದು ರವಿವಾರ ಮುಂಜಾನೆ ಚಹಾದ ಕಪ್ಪನ್ನು ಟಕ್ಕೆಂದು ಕೆಳಗಿಟ್ಟು ಮಾಲತೇಶ ಹೀಗೆ ಘೋಷಿಸಿದಾಗ ಅವನ ಹೆಂಡತಿ ರಾಜಶ್ರೀ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಲು ಅದೇನು ಹೊಸ ಸುದ್ದಿಯೇ? ಈ ಮೊದಲು ಕೊಳಲಿನ ಪ್ರತಿಜ್ಞೆ ಆಗಿತ್ತು. ಆ ಕೊಳಲು ಈಗ ನೀರೊಲೆ ಊದುವ ಸೇವೆಯಲ್ಲಿತ್ತು. ಅಣಬೆ ಬೆಳೆಯುವ ಪ್ರತಿಜ್ಞೆಯೂ ಆಗಿತ್ತು. ಅಣಬೆ ಬರಲಿಲ್ಲ, ಇರುವೆ ಬಂದವು.

"ಈ ಸಲ ಏನ್ರಿ?" ಅಂದಳು ರಾಜಶ್ರೀ.

"ಏರ್‌ಬ್ರಶ್!"

"ಹಲ್ಲ ತಿಕ್ಕೂದನ?"

"ಏ, ಅಲ್ಲಾ! ಪೆನ್ನಿನಷ್ಟ ಇರತೈತಿ. ಗುಂಡಿ ಒತ್ತಿದ್ರ ಗಾಳಿ, ಹಿಂದ ಜಗ್ಗಿದ್ರ ಬಣ್ಣ. ಬಣ್ಣ ಮಂಜಿನಂಗ ಹಾರತೈತಿ. ಹುಲಿ ಬರದ್ರ ಹುಲಿ ಗುರ್ ಅನಬೇಕು, ಹಂಗ!"

"ಒತ್ತೂದು, ಜಗ್ಗೂದು, ಎರಡೂ ಒಮ್ಮೆಕ್ಕನ?" ರಾಜಶ್ರೀ ರೊಟ್ಟಿ ಮಗುಚಿದಳು. "ಫೋನಿನ್ಯಾಗ ಮಾತಾಡಕೋತ ಹಾಲ ನೋಡ್ರಿ ಅಂದ್ರ ಹಾಲ ಉಕ್ಕಸ್ತೀರಿ ನೀವು."

ಮಹಾಪುರುಷರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಮಾಲತೇಶ ಅಂದಿನಿಂದ ಅಧ್ಯಯನಕ್ಕೆ ಕುಳಿತ. ಶಿಗ್ಗಾವಿಯ ಸರಕಾರಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಬಸ್ಸಿನಲ್ಲಿ ಹೋಗುವಾಗ ವಿಡಿಯೊ, ಬರುವಾಗ ವಿಡಿಯೊ, ನಡುವೆ ಕಚೇರಿಯಲ್ಲಿ ಫೈಲಿನ ಮರೆಯಲ್ಲಿ ವಿಡಿಯೊ! ಸಹಿಗಾಗಿ ಬಂದ ರೈತರು ಸಹಿ ಇಲ್ಲದೆ, ಆದರೆ ಏರ್‌ಬ್ರಶ್ಶಿನ ಸೂಜಿಗಳ ಬಗ್ಗೆ ಸಂಪೂರ್ಣ ಮಾಹಿತಿಯೊಂದಿಗೆ ಮನೆಗೆ ಮರಳಿದರು. ಬಣ್ಣದ ಬಟ್ಟಲು ಬ್ರಶ್ಶಿನ ಮೇಲಿದ್ದರೆ ಬಣ್ಣ ತಾನಾಗಿ ಇಳಿಯುತ್ತದೆ, ಬಾಟಲಿ ಕೆಳಗಿದ್ದರೆ ಗಾಳಿ ಅದನ್ನು ಹೀರಿಕೊಳ್ಳುತ್ತದೆ ಎಂದು ಅವನು ಮನೆಯಲ್ಲಿ ವಿವರಿಸಿದಾಗ ರಾಜಶ್ರೀ, "ಹಂಗಾರ ನಮ್ಮ ಬಚ್ಚಲಮನಿ ಮಾಳಗಿ ಮ್ಯಾಲಿನ ಬಟ್ಟಲದ ಜಾತಿ. ಮಳಿನೀರು ತಾನ ಇಳೀತೈತಿ. ಅದನ್ನೊಂದ ರಿಪೇರಿ ಮಾಡಸ್ರಿ," ಅಂದಳು.

ಒಂದು ಹನಿ ಬಣ್ಣ ಇನ್ನೂ ಹಾರಿರಲಿಲ್ಲ. ಆದರೆ ಕಲಾವಿದರ ವಾಟ್ಸಾಪ್ ಗುಂಪೊಂದನ್ನು ಸೇರಿದ ಮಾಲತೇಶ ಆಗಲೇ ಬೇರೆಯವರ ಸಂಶಯಗಳಿಗೆ ಪರಿಹಾರ ಕೊಡತೊಡಗಿದ್ದ!

ತೊಡಕು ಬಂದದ್ದು ಕೊಳ್ಳುವಾಗ. ಎಲ್ಲ ವಿಡಿಯೊಗಳೂ ಒಂದೇ ಪಾಠ ಹೇಳುತ್ತಿದ್ದವು. ಹೊಸಬರಿಗೆ ಮಧ್ಯಮ ಸೂಜಿ ಸಾಕು. ಹೊಸಬರಿಗೆ ಗಾಳಿ ಒದಗಿಸಲು ಬೆಕ್ಕಿನ ಹಾಗೆ ಗುರುಗುಟ್ಟುವ ಸಣ್ಣ ಕಂಪ್ರೆಸರ್ ಸಾಕು. ಹೊಸಬರಿಗೆ ನೀರಿನಲ್ಲಿ ಕರಗುವ ಆಕ್ರಿಲಿಕ್ ಬಣ್ಣ, ತೊಳೆದರೆ ಹೋಗುತ್ತದೆ.

"ಹೊಸಬರಿಗೆ, ಹೊಸಬರಿಗೆ! ನಾ ಏನ ಬಾಲವಾಡಿ ಹುಡುಗನ?" ಮಾಲತೇಶ ಸಿಡಿದ.

"ಹೊಸಬರ ಅಲ್ಲೇನ್ರಿ ಮತ್ತ ನೀವು?"

"ಮನಸ್ಸಿನ್ಯಾಗ ನಾ ಬಾಳ ಮುಂದ ಹೋಗೇನಿ."

"ಹಂಗಾರ ಅಲ್ಲೇ ನಿಂದರ್ರಿ. ಕೈ ಹಿಂದ ನಡಕೋತ ಬರಾಕತ್ತೈತಿ, ಅದು ಬಂದು ಮುಟ್ಟೂತನಕ ಕಾಯ್ರಿ."

ಕಾಯುವುದುಂಟೆ! ಕೂದಲೆಳೆಗಿಂತ ಸಣ್ಣ ಗೆರೆ ಎಳೆಯುವ, ಪಂಡಿತರಷ್ಟೇ ಹಿಡಿಯುವ ಅತಿ ಸೂಕ್ಷ್ಮ ಸೂಜಿಯ ಬ್ರಶ್ಶನ್ನು ಅವನು ತರಿಸಿದ. ಬಟ್ಟಲು ಮಾತ್ರ ಎಲ್ಲಕ್ಕಿಂತ ದೊಡ್ಡದು. ಸೂಜಿ ಪಂಡಿತರದು, ಬಟ್ಟಲು ಪೈಲ್ವಾನರದು! ಉಳಿದ ಸಾಮಾನಿಗೆ ಸವಣೂರಿನ ನದೀಮನ ಹಾರ್ಡ್‌ವೇರ್ ಅಂಗಡಿಗೆ ಹೋದ. ನದೀಮ ಗಿರಾಕಿಗೆ ಇಲ್ಲ ಅಂದು ಗೊತ್ತೇ ಇಲ್ಲದ ಮನುಷ್ಯ.

"ಏರ್‌ಬ್ರಶ್ಶಿಗೆ ನಡಿಯೂವಂಥಾ ಬಣ್ಣ ಐತೇನು?"

"ಯಾಕಿಲ್ರಿ ಸರ!" ನದೀಮ ಒಂದು ಡಬ್ಬಿ ಇಳಿಸಿ ಧೂಳು ಒರೆಸಿದ. ಬಂಗಾರ ಬಣ್ಣದ ಎನಾಮಲ್ ಪೇಂಟು! "ಇದು ಗೇಟಿಗೆ ನಡೀತೈತಿ, ಕಿಟಕಿಗೆ ನಡೀತೈತಿ, ಕಳಸಕ್ಕೂ ನಡೀತೈತಿ."

"ಬೈಕಿಗೆ?"

"ಬೈಕ್ ಏನ ಗೇಟಿಗಿಂತ ದೊಡ್ಡದೇನ್ರಿ ಸರ?"

"ತೊಳದ್ರ ಹೋಗತೈತೇನು?"

ನದೀಮನ ಮುಖ ಸಣ್ಣದಾಯಿತು. "ಹೋಗಾಕ ಇದೇನ ರಂಗೋಲೀನ್ರಿ? ನೀವು ಹೋದ್ರೂ ಇದು ಹೋಗೂದಿಲ್ರಿ, ಗ್ಯಾರಂಟಿ!"

ಆ ಗ್ಯಾರಂಟಿಗೆ ಮಾಲತೇಶ ಮರುಳಾದ. ಕಂಪ್ರೆಸರಿಗೂ ನದೀಮನೇ ದಾರಿ ತೋರಿಸಿದ. ಬಂಕಾಪುರದಲ್ಲಿ ಪಂಚರ್ ಅಂಗಡಿಯೊಂದು ಮುಚ್ಚಿತ್ತು. ಲಾರಿಯ ಗಾಲಿಗಳಿಗೆ ಉಸಿರು ಕೊಟ್ಟ ಅದರ ಕಂಪ್ರೆಸರ್ ಖಾಲಿ ಕುಳಿತಿತ್ತು. ಮರುದಿನ ಅದು ಲಗೇಜ್ ಆಟೊದಲ್ಲಿ ಎಮ್ಮೆಯಂತೆ ನಿಂತುಕೊಂಡು ಹಾನಗಲ್ಲಿಗೆ ಬಂತು. ಅದರ ಒತ್ತಡ ತೋರಿಸುವ ಮುಳ್ಳು ಸೊನ್ನೆಯಲ್ಲೇ ಸಮಾಧಿಸ್ಥವಾಗಿತ್ತು. ಗಾಳಿ ಎಷ್ಟೇ ತುಂಬಿದರೂ ಸೊನ್ನೆ!

ಅದನ್ನು ಅಂಗಳದಲ್ಲಿ ಇಳಿಸಿ ಇನ್ನೂ ಬೆವರು ಒರೆಸಿಕೊಂಡಿರಲಿಲ್ಲ, ಎದುರು ಮನೆಯ ಕರೆವ್ವ ಒಂದು ಸೈಕಲ್ ತಳ್ಳಿಕೊಂಡು ಬಂದಳು.

"ಪಂಚರ್ ಅಂಗಡಿ ಇಟ್ಟೀಯೇನಪಾ ಮಾಲತೇಶ? ಛಲೋ ಆತು ಬಿಡು."

"ಏ ಕರೆವ್ವ, ಇದು ಕಲೆಗೆ ಮೀಸಲಾದ ಗಾಳಿ!"

"ಕಲೇದಾದ್ರೂ ಇರ್ಲಿ, ಯಾವುದಾದ್ರೂ ಇರ್ಲಿ. ಹಿಂದಿನ ಗಾಲಿಗೆ ಒಂದೀಟ ಬಿಡು."

ಬಿಟ್ಟ. ಟ್ಯೂಬು ಢಮ್ಮೆಂದು ಒಡೆಯಿತು. ಜಾಣನಾಗಿದ್ದರೆ ಅಲ್ಲಿಗೇ ಎಚ್ಚೆತ್ತುಕೊಳ್ಳಬೇಕಿತ್ತು. ಮಾಲತೇಶ ಟ್ಯೂಬು ಹಳೆಯದಾಗಿತ್ತು ಎಂದು ತೀರ್ಪು ಕೊಟ್ಟ.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ದೊಡ್ಡ ಕೆಲಸ ಒದಗಿಬಂದಿತ್ತು. ರಾಜಶ್ರೀಯ ತಮ್ಮ ದುರ್ಗೇಶನಿಗೆ ಹೆಣ್ಣು ನೋಡುವುದು. ದುರ್ಗೇಶ ಹಿರೇಕೆರೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ದುಡಿಮೆಗಾರ, ರೂಪವಂತ, ಚಟವಿಲ್ಲದವ. ಆದರೆ ಬಾಯಿ! ಸಿಟ್ಟು ಬಂದರೆ ಅವನ ಬಾಯಿಂದ ಬರುವ ಶಬ್ದಗಳನ್ನು ಕೇಳಿ ಎತ್ತುಗಳು ಸಹ ತಲೆ ತಗ್ಗಿಸುತ್ತಿದ್ದವು. ಒಂದು ಸಂಬಂಧದವರ ಮನೆಯಲ್ಲಿ ಮಂಚದ ಕಾಲಿಗೆ ಹೆಬ್ಬೆರಳು ತಾಗಿತೆಂದು ಮಂಚದ ವಂಶವನ್ನೇ ಜಾಲಾಡಿದ್ದ. ಅದು ಮುರಿದುಬಿತ್ತು. ಇನ್ನೊಂದರಲ್ಲಿ ಚಹಾ ನಾಲಿಗೆ ಸುಟ್ಟಿತ್ತು. ಅದೂ ಮುರಿಯಿತು. ಈಗ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯ ಮೈಲಾರಪ್ಪನವರ ಮಗಳು ವಿದ್ಯಾಶ್ರೀ. ಕಲಿತ ಹುಡುಗಿ, ಫೋಟೊ ನೋಡಿದಾಗಿನಿಂದ ದುರ್ಗೇಶನಿಗೆ ಊಟ ಸೇರುತ್ತಿರಲಿಲ್ಲ.

"ಅಳಿಯಾರ, ಇದೊಂದು ದಡ ಮುಟ್ಟಸ್ರಿ. ಇದೂ ಹೋತಂದ್ರ ನನ್ನ ಮಗಾ ಬ್ರಹ್ಮಚಾರಿನ," ಎಂದು ಅತ್ತೆ ಮಂಜವ್ವ ಕಣ್ಣಲ್ಲಿ ನೀರು ತಂದಳು.

"ನಾ ಅದೇನಿ ಅತ್ತೀ!" ಅಂದ ಮಾಲತೇಶ. ಅವನು ಇದ್ದದ್ದೇ ಸಮಸ್ಯೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ನೋಡಲು ಹೋಗುವ ದಿನ ಮುಂಜಾನೆ ದುರ್ಗೇಶ ಹೊಸ ಬೈಕಿನ ಮೇಲೆ ಅವ್ವನನ್ನು ಕೂರಿಸಿಕೊಂಡು ಹಾನಗಲ್ಲಿಗೆ ಬಂದಿಳಿದ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ನೀಟಾದ ಕ್ರಾಪು. ಬೈಕಿನ ಕರಿ ಪೆಟ್ರೋಲ್ ಟಾಕಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ನೋಡಿದ್ದೇ ಮಾಲತೇಶನ ಕೈ ಕಡಿಯತೊಡಗಿತು.

"ಬೋಳ ಟಾಕಿ ತಗೊಂಡ ಹೆಣ್ಣಿನ ಮನಿಗೆ ಹೊಕ್ಕಿಯಾ? ಒಂದು ಬಂಗಾರದ ಹುಲಿ ಕೂಡಸ್ತೇನಿ ತಡಿ. ಮೊದಲ ಹುಲಿ ಹೋಗ್ಬೇಕು, ಹಿಂದ ನೀ ಹೋಗ್ಬೇಕು!"

"ಮಾಮಾ, ನಿಮಗ ಖರೇನ ಬರತೈತೇನ್ರಿ?"

"ಬರತೈತೇನಂತ! ಗುಂಪಿನ್ಯಾಗ ಕೇಳು, ನನ್ನ ಬಿಟ್ಟ ಯಾರೂ ಮಾತಾಡೂದಿಲ್ಲ."

ರಾಜಶ್ರೀ ಅಡುಗೆಮನೆಯಿಂದಲೇ ಕೂಗಿದಳು. "ದುರ್ಗ್ಯಾ, ಬ್ಯಾಡೋ! ಇನ್ನ ಅವರು ಒಂದ ಹನಿ ಹಾರಿಸಿಲ್ಲ!"

ಆದರೆ ಮಾಲತೇಶ ಆಗಲೇ ರವೆ ಡಬ್ಬಿಗೆ ಫೋನು ಆನಿಸಿ, ಲೈವ್ ಶುರು ಮಾಡಿಬಿಟ್ಟಿದ್ದ. ಅಷ್ಟೇ ಅಲ್ಲ, ಅದರ ಲಿಂಕನ್ನು ಬೀಗರಾಗಲಿರುವ ಮೈಲಾರಪ್ಪನವರಿಗೂ ಕಳಿಸಿದ್ದ. ತಮ್ಮ ಕಡೆ ಎಂಥೆಂಥ ಕಲಾವಿದರಿದ್ದಾರೆ ಎಂದು ಅವರಿಗೂ ಗೊತ್ತಾಗಬೇಡವೇ?

ಕಂಪ್ರೆಸರ್ ಗುಡುಗಿತು. ಕರೆವ್ವನ ಆಡು ಹಗ್ಗ ಹರಿದುಕೊಂಡು ಓಡಿತು. ಮಾಲತೇಶ ದೊಡ್ಡ ಬಟ್ಟಲಿನ ತುಂಬ ಬಂಗಾರದ ಎನಾಮಲ್ ಸುರಿದು, ಕ್ಯಾಮೆರಾಕ್ಕೆ ನಮಸ್ಕಾರ ಮಾಡಿ, ಹುಲಿಯ ಮೂಗಿಗೆ ಗುರಿಯಿಟ್ಟು ಗುಂಡಿ ಒತ್ತಿ ಜಗ್ಗಿದ.

ಫುಸ್! ಬರೀ ಗಾಳಿ.

ಮತ್ತೆ ಜಗ್ಗಿದ. ಹುಲಿ ಹೋಗಲಿ, ಹುಲಿಯ ಮೀಸೆಯ ಒಂದು ಕೂದಲೂ ಬರಲಿಲ್ಲ. ಬೆಲ್ಲದ ಪಾಕದಂಥ ಎನಾಮಲ್ಲು ಕೂದಲೆಳೆಯಂಥ ಸೂಜಿಯ ಬಾಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತ್ತು.

"ಕಟ್ಟಿಕೊಂಡೈತಿ, ಏನಿಲ್ಲ," ಎಂದು ಮಾಲತೇಶ ಕ್ಯಾಮೆರಾಕ್ಕೆ ಸಮಾಧಾನ ಹೇಳಿದ. "ಇದಕ್ಕೊಂದ ಉಪಾಯ ಐತಿ. ತುದಿಗೆ ಬೆರಳ ಒತ್ತಿ ಗಾಳಿ ಬಿಡಬೇಕು. ಗಾಳಿ ಹಿಂದ ತಿರುಗಿ ಬಟ್ಟಲದಾಗ ಗುಳ್ಳಿ ಏಳತಾವು, ಕಸ ಹೊರಗ ಬರತೈತಿ. ದುರ್ಗೇಶಾ, ಬಟ್ಟಲದಾಗ ಗುಳ್ಳಿ ಬಂದುವೇನ ನೋಡು."

ಉಪಾಯ ಸುಳ್ಳಲ್ಲ. ಬೆಕ್ಕಿನಂಥ ಕಂಪ್ರೆಸರ್ ಇದ್ದವರು ಹಾಗೆಯೇ ಮಾಡುತ್ತಾರೆ. ಇವನದು ಲಾರಿ ಗಾಲಿಯ ಕಂಪ್ರೆಸರ್!

ದುರ್ಗೇಶ ಬಟ್ಟಲಿನ ಮೇಲೆ ಬಗ್ಗಿದ. ಮಾಲತೇಶ ತುದಿಗೆ ಬೆರಳೊತ್ತಿ ಗುಂಡಿ ಒತ್ತಿದ.

ಗುಳ್ಳೆ ಏಳಲಿಲ್ಲ. ಇಡೀ ಬಟ್ಟಲೇ ಎದ್ದಿತು!

ಭೊಸ್ಸೆಂದ ಸದ್ದು ಅಡಗಿದಾಗ ಅಂಗಳದಲ್ಲಿ ಒಂದು ಬಂಗಾರದ ವಿಗ್ರಹ ನಿಂತಿತ್ತು. ಹುಬ್ಬು ಬಂಗಾರ, ಮೀಸೆ ಬಂಗಾರ, ಬಿಳಿ ಅಂಗಿಯ ಎದೆ ಬಂಗಾರ. ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಬೈಕಿನ ಟಾಕಿಯ ಮೇಲೆ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ.

ಮಂಜವ್ವ ಎರಡೂ ಕಿವಿ ಮುಚ್ಚಿಕೊಂಡಳು. ಮಗನ ಬಾಯಿಂದ ಈಗ ಏನು ಬರುತ್ತದೆಂದು ಹೆತ್ತವಳಿಗೆ ಗೊತ್ತಿರದೇ? ಮಾಲತೇಶನೂ ಕಣ್ಣು ಮುಚ್ಚಿ ನಿಂತ.

ಏನೂ ಬರಲಿಲ್ಲ! ದುರ್ಗೇಶ ತುಟಿ ಬಿಗಿಹಿಡಿದು, ಮೆಲ್ಲಗೆ ಒಂದು ಕೈ ಎತ್ತಿದ. ಆ ಕೈ ಗಾಳಿಯಲ್ಲಿ ತಡವರಿಸಿ ಬಂದು ಮಾಲತೇಶನ ಭುಜದ ಮೇಲೆ ಕುಳಿತು, ಒಮ್ಮೆ ತಟ್ಟಿತು, ಒಮ್ಮೆ ಸವರಿತು. ಮಾಲತೇಶ ಕಣ್ಣು ಬಿಟ್ಟ. ಎಂಥಾ ದೊಡ್ಡ ಮನಸ್ಸು!

ಅಷ್ಟರಲ್ಲಿ ರಾಜಶ್ರೀ ಓಡಿಬಂದು ಫೋನನ್ನು ಕವುಚಿ ಹಾಕಿ, ತಮ್ಮನನ್ನು ಬಚ್ಚಲಿಗೆ ಎಳೆದೊಯ್ದಳು. ಕೊಬ್ಬರಿ ಎಣ್ಣೆ, ಅರಳೆ, ಹಳೆ ಬನಿಯನ್. ಅಕ್ಕ ಒಂದು ಗಲ್ಲ, ಅವ್ವ ಒಂದು ಗಲ್ಲ ಹಂಚಿಕೊಂಡು ತಿಕ್ಕಿದರು. ಅವನು ಬಾಯಿ ತೆರೆಯಹೋದಾಗಲೆಲ್ಲ ಮಂಜವ್ವ, "ಖಬರದಾರ್! ಇವತ್ತ ಒಂದ ಕೆಟ್ಟ ಮಾತ ಆಡಿದಿ ಅಂದ್ರ ನನ್ನ ಆಣಿ!" ಎಂದು ಅದಕ್ಕೆ ಅರಳೆ ತುರುಕುತ್ತಿದ್ದಳು. ಮುಖ ಒಂದು ಹದಕ್ಕೆ ಬಂತು. ಹುಬ್ಬು ಮತ್ತು ಕಿವಿ ಮಾತ್ರ ನದೀಮನ ಗ್ಯಾರಂಟಿಯನ್ನು ಉಳಿಸಿಕೊಂಡವು. ಮಾಲತೇಶನ ಅಂಗಿಯನ್ನೇ ತೊಡಿಸಿ ಹೊರಡಿಸಿದರು. ಮಂಜವ್ವ ಮಗನನ್ನು ಬಾಡಿಗೆ ಗಾಡಿಯಲ್ಲಿ ತನ್ನ ಪಕ್ಕವೇ ಕೂರಿಸಿಕೊಂಡಳು. ಮಾಲತೇಶ ಹಿಂದಿನಿಂದ ದುರ್ಗೇಶನ ಬೈಕಿನ ಮೇಲೆ ಬಂದ.

ಹಿರೇಬೆಂಡಿಗೇರಿಯಲ್ಲಿ ಜಮಖಾನೆ ಹಾಸಿತ್ತು. ಎಲ್ಲರೂ ಕುಳಿತರು. ಮೈಲಾರಪ್ಪ ಗಂಭೀರ ಮನುಷ್ಯ. ಕೆಮ್ಮಿ, ಮೀಸೆ ಸವರಿ ಅಂದರು:

"ನಿಮ್ಮ ಲೈವ್ ನೋಡಿದ್ವಿರಿ. ಮನಿಮಂದೆಲ್ಲಾ."

ರಾಜಶ್ರೀ ಗಂಡನ ಕಡೆ ನೋಡಿದ ನೋಟಕ್ಕೆ ಕಂಪ್ರೆಸರೇ ಬೇಕಿರಲಿಲ್ಲ. ಮಂಜವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿಯ ಅಜ್ಜಿ ಹುಚ್ಚವ್ವ ಎದ್ದುಬಂದು ದುರ್ಗೇಶನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಂಗಾರದಂಥಾ ಹುಡುಗ ಅಂತ ಹೇಳಿ ಕಳಿಸಿದ್ರು. ಸುಳ್ಳಲ್ಲ ನೋಡ ಯವ್ವಾ!"

ಒಳಗಿನಿಂದ ಹೆಂಗಸರ ನಗೆ ಕೇಳಿತು. ದುರ್ಗೇಶನ ಕುತ್ತಿಗೆಯ ನರ ಉಬ್ಬಿತು. ಮಂಜವ್ವ ಅವನ ತೊಡೆ ಚಿವುಟಿದಳು. ಅವನು ನೆಲ ನೋಡುತ್ತ ಕುಳಿತ. ಇದೂ ಹೋಯಿತು ಎಂದು ಎಲ್ಲರಿಗೂ ಖಾತ್ರಿಯಾಯಿತು. ಮಾಲತೇಶ ಆ ಹೊತ್ತಿನಲ್ಲೂ, "ಅದು ಒತ್ತಡ ಸ್ವಲ್ಪ ಜಾಸ್ತಿ ಆತ್ರಿ, ಹಂಗ ನೋಡಿದ್ರ ತಂತ್ರ..." ಎಂದು ಶುರು ಮಾಡಿದ. ರಾಜಶ್ರೀ ಅವನ ತೊಡೆ ಚಿವುಟಿದಳು.

ಆಗ ಚಹಾದ ತಾಟು ಹಿಡಿದು ಬಂದ ವಿದ್ಯಾಶ್ರೀ, ತಾಟು ಕೆಳಗಿಟ್ಟು ನೇರ ನಿಂತಳು.

"ಅಪ್ಪಾ, ನನಗ ಒಪ್ಪಿಗಿ ಐತಿ."

ಜಮಖಾನೆಯ ಮೇಲಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು.

"ಇವರ ಬಾಯಿ ಬಾಳ ಕೆಟ್ಟದು ಅಂತ ಮಂದಿ ಹೇಳಿದ್ರು," ಅಂದಳು ಅವಳು. "ಅದಕ್ಕ ನನಗ ಮನಸ್ಸಿದ್ದಿಲ್ಲ. ಇವತ್ತ ನಾನ ಕಣ್ಣಾರೆ ನೋಡಿದೆ. ಹೆಣ್ಣ ನೋಡಾಕ ಹೊಂಟ ಹೊತ್ತಿನ್ಯಾಗ ಮಾರಿ ತುಂಬ ಬಣ್ಣ ಬಿತ್ತು. ಒಂದ ಮಾತ ಆಡಲಿಲ್ಲ. ಅದರ ಮ್ಯಾಲೆ, ತಪ್ಪ ಮಾಡಿದವರದ ಭುಜ ತಟ್ಟಿದ್ರು. ಇಂಥಾ ತಾಳ್ಮಿ ಇದ್ದವರು ಎಲ್ಲೆ ಸಿಗತಾರ?"

ಮಂಜವ್ವ ಅಳುತ್ತ ಹುಡುಗಿಯ ತಲೆ ಸವರಿದಳು. ಮೈಲಾರಪ್ಪ ಸಕ್ಕರೆ ತರಿಸಿದರು. ಮಾಲತೇಶನ ಎದೆ ಲಾರಿಯ ಟ್ಯೂಬಿನಂತೆ ಉಬ್ಬಿತು. ಕಲೆ ಎಂದೂ ವ್ಯರ್ಥವಾಗುವುದಿಲ್ಲ! ಹುಲಿ ಬರದಿದ್ದರೇನು, ಮದುವೆ ಬಂತಲ್ಲ!

ಮರಳುವಾಗ ದುರ್ಗೇಶ ತಾನೇ ಬೈಕ್ ಹಿಡಿದು, "ಮಾಮಾ, ನೀವು ನನ್ನ ಹಿಂದ ಕುಂಡರ್ರಿ," ಎಂದು ಮೃದುವಾಗಿ ಕರೆದ. ಹೆಂಗಸರ ಗಾಡಿ ಮುಂದೆ ಹೋಯಿತು. ಮಾಲತೇಶ ದಾರಿಯುದ್ದಕ್ಕೂ ಮಾತಾಡಿದ. "ನನ್ನ ಏರ್‌ಬ್ರಶ್ ಇರಲಿಲ್ಲಂದ್ರ ಈ ಸಂಬಂಧ ಕೂಡತಿತ್ತೇನು? ಮದವಿಗೆ ಹಂದರಕ್ಕೂ ನಾನ ಬಣ್ಣ ಹೊಡೀತೇನಿ. ಮತ್ತ ನೀ ಭುಜ ತಟ್ಟಿದೆಲ್ಲಾ, ಅದನ್ನ ನಾ ಸಾಯೂತನಕ ಮರಿಯೂದಿಲ್ಲ ದುರ್ಗೇಶಾ."

ಊರು ಮರೆಯಾಗಿ, ಎರಡೂ ಕಡೆ ಗೋವಿನಜೋಳದ ಹೊಲಗಳಷ್ಟೇ ಉಳಿದಾಗ ದುರ್ಗೇಶ ಬೈಕ್ ನಿಲ್ಲಿಸಿದ.

"ಇಳೀರಿ ಮಾಮಾ."

ಮಾಲತೇಶ ಇಳಿದ.

"ಆವಾಗ ನಾ ಯಾಕ ಮಾತಾಡ್ಲಿಲ್ಲ ಗೊತ್ತನ? ಬಾಯಿ ತೆರದ್ರ ಬಣ್ಣ ಒಳಗ ಹೋಗ್ತಿತ್ತು."

"ಇರ್ಲಿ ಬಿಡು. ಆದ್ರ ಭುಜ ತಟ್ಟಿದಿ..."

"ತಟ್ಟಿದ್ದಲ್ಲ ಅದು! ಕಣ್ಣ ಕಾಣ್ತಿದ್ದಿಲ್ಲ. ನಿಮ್ಮ ಕುತ್ತಿಗಿ ಹುಡಕಾಕತ್ತಿದ್ದೆ!"

ಈಗ ದುರ್ಗೇಶನಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಮಾಲತೇಶ ಗೋವಿನಜೋಳದೊಳಗೆ ಹಾರಿದ.